ಬಾನಿನ ಗಲಿಬಿಲಿಗೆ ರೇಡಿಯೊ ಸಾಕ್ಷಿ

(ಕಳಸದಲ್ಲಿ ನಡೆದ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಮೇಲಿನ ವಾಯುಮಂಡಲದಲ್ಲಿ ಆಗುವ ಏರುಪೇರುಗಳನ್ನು ರೇಡಿಯೊ ಸಂಕೇತಗಳ ಮೂಲಕ ಹೇಗೆ ತಿಳಿಯುತ್ತಾರೆ ಎಂಬುದು ಇಂದಿನ ವಿಷಯ. ನಾನು ವಿಜ್ಞಾನಿಯಲ್ಲ, ಪತ್ರಿಕೆಯ ವರದಿಗಾರ. ಆದ್ದರಿಂದ ಸಮೀಕರಣಗಳ ಗೋಜಿಗೆ ಹೋಗುವುದಿಲ್ಲ. ಈ ವಿದ್ಯೆ ಹೇಗೆ ಹುಟ್ಟಿತು, ನಮ್ಮ ನಾಡಿನಲ್ಲಿ ಹೇಗೆ ಬೆಳೆಯಿತು, ಕಾಫಿ ತೋಟದ ನಡುವೆ ಬದುಕುವ ನಮಗೂ ನಿಮಗೂ ಅದರಿಂದ ಏನಾಗಬೇಕು ಎಂಬ ಮೂರು ಮಾತುಗಳನ್ನಷ್ಟೇ ಹೇಳುತ್ತೇನೆ.

ಇಲ್ಲಿರುವ ಹಿರಿಯರಿಗೆ ರೇಡಿಯೊದ ಕಾಲ ಚೆನ್ನಾಗಿ ನೆನಪಿರುತ್ತದೆ. ಮೀಡಿಯಂ ವೇವ್‌ನಲ್ಲಿ 675 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿದರೆ ಭದ್ರಾವತಿ, 1089ಕ್ಕೆ ತಿರುಗಿಸಿದರೆ ಮಂಗಳೂರು. ಹಗಲು ಹೊತ್ತು ಇಂಥ ಹತ್ತಿರದ ಕೇಂದ್ರಗಳು ಮಾತ್ರ ಕೇಳುತ್ತಿದ್ದವು. ಸಂಜೆ ದೀಪ ಹಚ್ಚುವ ಹೊತ್ತು ಕಳೆದು ರಾತ್ರಿಯಾದಂತೆ ಎಲ್ಲೆಲ್ಲಿಯದೋ ಭಾಷೆ, ಎಲ್ಲೆಲ್ಲಿಯದೋ ಹಾಡು ಒಂದರ ಮೇಲೊಂದು ಏರಿ ಬರುತ್ತಿದ್ದವು. ಕೇಂದ್ರಗಳು ರಾತ್ರಿ ಹತ್ತಿರ ಬರುತ್ತಿರಲಿಲ್ಲ, ರೇಡಿಯೊ ಬದಲಾಗುತ್ತಿರಲಿಲ್ಲ. ಬದಲಾಗುತ್ತಿದ್ದುದು ನಮ್ಮ ತಲೆಯ ಮೇಲಿನ ಆಕಾಶ.

ಆ ಬದಲಾವಣೆಯ ಕಾರಣ ಹೀಗಿದೆ. ನೆಲದಿಂದ ಸುಮಾರು 60 ಕಿಲೋಮೀಟರ್ ಎತ್ತರದಿಂದ ಮೇಲಕ್ಕೆ ಗಾಳಿ ಬಹಳ ತೆಳು. ಅಲ್ಲಿ ಸೂರ್ಯನ ಅತಿನೇರಳೆ ಕಿರಣ ಮತ್ತು ಕ್ಷ-ಕಿರಣಗಳು ಗಾಳಿಯ ಪರಮಾಣು, ಅಣುಗಳಿಗೆ ಬಡಿದು ಎಲೆಕ್ಟ್ರಾನುಗಳನ್ನು ಕಿತ್ತು ಹಾಕುತ್ತವೆ. ಹೀಗೆ ಬಿಡಿಯಾದ ಎಲೆಕ್ಟ್ರಾನುಗಳು ಮತ್ತು ಅಯಾನುಗಳು ತುಂಬಿದ ಈ ಪ್ರದೇಶಕ್ಕೆ ಅಯಾನುಗೋಳ ಎಂದು ಹೆಸರು. ಇದರಲ್ಲಿ ಅಂತಸ್ತುಗಳಿವೆ. ಎಲ್ಲಕ್ಕಿಂತ ಕೆಳಗಿನ ಡಿ ಪದರ ಹಗಲು ಮೀಡಿಯಂ ವೇವ್ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲೆ ಹೋಗಿ, ಇ ಮತ್ತು ಎಫ್ ಪದರಗಳಿಂದ ಪ್ರತಿಫಲಿಸಿ, ನೂರಾರು ಮೈಲಿ ಆಚೆ ಇಳಿಯುತ್ತವೆ. ರಾತ್ರಿಯ ಆ ಗದ್ದಲಕ್ಕೆ ಇದೇ ಕಾರಣ.

ಈ ಅಯಾನುಗೋಳವನ್ನು ಮೊದಲು ಕಂಡವರು ಯಾರು? ಕಣ್ಣಿನಿಂದ ಕಂಡವರು ಯಾರೂ ಇಲ್ಲ. 1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡಿನ ಪೋಲ್ಡುವಿನಿಂದ ಕಳಿಸಿದ ಮೂರು ಚುಕ್ಕೆಗಳ ಸಂಕೇತವನ್ನು ಅಟ್ಲಾಂಟಿಕ್ ಸಾಗರದ ಆಚೆ ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದೆನೆಂದು ಪ್ರಕಟಿಸಿದಾಗ ವಿದ್ವಾಂಸರಿಗೆ ಅಚ್ಚರಿಯಾಯಿತು. ನೇರವಾಗಿ ಹೋಗುವ ಅಲೆ ಗುಂಡಾದ ಭೂಮಿಯ ಬೆನ್ನನ್ನು ಬಳಸಿ ಹೋದದ್ದು ಹೇಗೆ? ಮೇಲೆ ವಿದ್ಯುತ್ ಹರಿಯಬಲ್ಲ ಪದರವೊಂದು ಇರಬೇಕೆಂದು 1902ರಲ್ಲಿ ಅಮೆರಿಕದಲ್ಲಿ ಕೆನೆಲಿ, ಇಂಗ್ಲೆಂಡಿನಲ್ಲಿ ಹೆವಿಸೈಡ್ ಊಹಿಸಿದರು. ಊಹೆ ಸಾಬೀತಾಗಲು ಇಪ್ಪತ್ತೆರಡು ವರ್ಷ ಬೇಕಾಯಿತು. 1924ರ ಡಿಸೆಂಬರಿನ ಒಂದು ರಾತ್ರಿ, ದಿನದ ಪ್ರಸಾರವೆಲ್ಲ ಮುಗಿದ ಮೇಲೆ, ಎಡ್ವರ್ಡ್ ಆಪಲ್ಟನ್ ಮತ್ತು ಬಾರ್ನೆಟ್ ಎಂಬವರು ಬಿಬಿಸಿಯ ಬೋರ್ನ್‌ಮತ್ ಕೇಂದ್ರದಿಂದ ಅಲೆಗಳನ್ನು ಕಳಿಸಿ ಆಕ್ಸ್‌ಫರ್ಡಿನಲ್ಲಿ ಹಿಡಿದರು. ನೆಲದ ಮೇಲಿನಿಂದ ಬಂದ ಅಲೆ, ಆಕಾಶದಿಂದ ಮರಳಿದ ಅಲೆ ಎರಡೂ ಒಂದನ್ನೊಂದು ಕೂಡಿ ಕಳೆಯುವ ಬಗೆಯನ್ನು ಲೆಕ್ಕ ಹಾಕಿ ಪದರದ ಎತ್ತರ ತಿಳಿದರು. ಈ ಸಂಶೋಧನೆಗಾಗಿ ಆಪಲ್ಟನ್‌ಗೆ 1947ರಲ್ಲಿ ನೊಬೆಲ್ ಬಹುಮಾನ ಬಂದಿತು.

ಇದಾದ ಮರುವರ್ಷ ಅಮೆರಿಕದ ಬ್ರೈಟ್ ಮತ್ತು ಟ್ಯೂವ್ ಇನ್ನೂ ಸರಳವಾದ ಉಪಾಯ ಹೂಡಿದರು. ಬೆಟ್ಟದ ಈಚೆ ನಿಂತು ಕೂಗಿದರೆ ಎದುರು ಬೆಟ್ಟದಿಂದ ಮಾರ್ದನಿ ಬರುತ್ತದೆಯಲ್ಲ, ಅದು ಎಷ್ಟು ಹೊತ್ತಿಗೆ ಬಂತೆಂದು ಎಣಿಸಿದರೆ ಬೆಟ್ಟ ಎಷ್ಟು ದೂರವೆಂದು ಹೇಳಬಹುದು. ಅದೇ ರೀತಿ ರೇಡಿಯೊ ಅಲೆಯ ಸಣ್ಣ ತುಣುಕೊಂದನ್ನು ನೆಟ್ಟಗೆ ಮೇಲಕ್ಕೆ ಕಳಿಸಿ, ಮಾರ್ದನಿಗೆ ಕಾಯುವುದು. ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನ ಹೊತ್ತಿಗೆ ಅದು ಮರಳಿದರೆ ಪದರ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿದೆ ಎಂದರ್ಥ. ಕಡಿಮೆ ಕಂಪನಾಂಕದ ಅಲೆ ಬೇಗ ಮರಳುತ್ತದೆ, ಹೆಚ್ಚು ಕಂಪನಾಂಕದ್ದು ಎಲೆಕ್ಟ್ರಾನುಗಳು ದಟ್ಟವಾಗಿರುವ ಕಡೆಯವರೆಗೆ ಹೋಗಿ ಮರಳುತ್ತದೆ, ಅದಕ್ಕೂ ಹೆಚ್ಚಿನದು ಮರಳುವುದೇ ಇಲ್ಲ. ಒಂದೊಂದೇ ಕಂಪನಾಂಕವನ್ನು ಕಳಿಸುತ್ತ ಹೋದರೆ ಯಾವ ಎತ್ತರದಲ್ಲಿ ಎಲೆಕ್ಟ್ರಾನುಗಳು ಎಷ್ಟು ದಟ್ಟವಾಗಿವೆ ಎಂಬ ನಕ್ಷೆ ಸಿಗುತ್ತದೆ. ಇದನ್ನು ಮಾಡುವ ಯಂತ್ರಕ್ಕೆ ಅಯಾನೋಸೋಂಡ್ ಎಂದು ಹೆಸರು.

ಭಾರತ ಈ ವಿದ್ಯೆಯಲ್ಲಿ ಹಿಂದೆ ಉಳಿಯಲಿಲ್ಲ. ಕಲ್ಕತ್ತದಲ್ಲಿ ಶಿಶಿರಕುಮಾರ ಮಿತ್ರ ಅವರು 1930ರ ಹೊತ್ತಿಗೇ ಅಯಾನುಗೋಳದ ಪ್ರಯೋಗಗಳನ್ನು ನಡೆಸಿದ್ದರು. 1947ರಲ್ಲಿ ಅವರು ಪ್ರಕಟಿಸಿದ ಮೇಲಿನ ವಾಯುಮಂಡಲ ಕುರಿತ ಗ್ರಂಥ ಪ್ರಪಂಚದ ಹಲವು ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಯಿತು. ನಮ್ಮ ಕನ್ನಡನಾಡಿನ ಪಾಲೂ ಇದರಲ್ಲಿದೆ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಪುಟ್ಟ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟರು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಆಕಾಶ ತನ್ನ ಬಗ್ಗೆಯೇ ನುಡಿಯುವ ಮಾತನ್ನು ಕೇಳುವುದು ಈ ಹೊತ್ತು ನಾವು ಮಾತಾಡುತ್ತಿರುವ ವಿದ್ಯೆ. ಆ ಹೆಸರು ಇದಕ್ಕೂ ಚೆನ್ನಾಗಿ ಒಪ್ಪುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ದಕ್ಷಿಣ ಭಾರತದ ಆಕಾಶ ಲಂಡನ್ನಿನ ಆಕಾಶದಂಥದಲ್ಲ, ನ್ಯೂಯಾರ್ಕಿನ ಆಕಾಶದಂಥದೂ ಅಲ್ಲ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರುವ ರೇಖೆಯನ್ನು ಕಾಂತೀಯ ಸಮಭಾಜಕ ಎನ್ನುತ್ತಾರೆ. ಅದು ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ತಿರುವನಂತಪುರದ ಪಕ್ಕದ ತುಂಬಾ ಎಂಬ ಮೀನುಗಾರರ ಊರನ್ನು ರಾಕೆಟ್ ಕೇಂದ್ರಕ್ಕೆ ಆರಿಸಿದ್ದು ಇದೇ ಕಾರಣಕ್ಕೆ. 1963ರ ನವೆಂಬರ್ 21ರಂದು ಅಲ್ಲಿಂದ ಹಾರಿದ ಮೊದಲ ರಾಕೆಟ್ ಮೇಲಿನ ವಾಯುಮಂಡಲವನ್ನು ತಿಳಿಯುವುದಕ್ಕಾಗಿಯೇ ಹೋಯಿತು. ತುಂಬಾದಿಂದ ಕಳಸಕ್ಕೆ ನೇರ ಹಾರಿದರೆ ಐನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಆಕಾಶದ ಲೆಕ್ಕದಲ್ಲಿ ಅದು ನೆರೆಮನೆ.

ಕಾಂತೀಯ ಸಮಭಾಜಕದ ಬಳಿ ಹಗಲು ಹೊತ್ತು ಎರಡು ಕೆಲಸ ನಡೆಯುತ್ತದೆ. ಸುಮಾರು 105 ಕಿಲೋಮೀಟರ್ ಎತ್ತರದಲ್ಲಿ ಪೂರ್ವಾಭಿಮುಖವಾಗಿ ಒಂದು ವಿದ್ಯುತ್ ಪ್ರವಾಹ ಹರಿಯುತ್ತದೆ. ಅದಕ್ಕಿಂತ ಮೇಲೆ ಎಲೆಕ್ಟ್ರಾನುಗಳು ಕಾರಂಜಿಯ ನೀರಿನಂತೆ ಮೇಲೆದ್ದು, ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಜಾರಿ ಬೀಳುತ್ತವೆ. ಹಾಗಾಗಿ ಎಲೆಕ್ಟ್ರಾನುಗಳ ರಾಶಿ ಸಮಭಾಜಕದ ಮೇಲಿರದೆ ಗುಜರಾತು, ಮಧ್ಯಪ್ರದೇಶಗಳ ಮೇಲೆ ಬಿದ್ದಿರುತ್ತದೆ. ನಾವು ಆ ಕಾರಂಜಿಯ ಬುಡಕ್ಕೂ ನೀರು ಬೀಳುವ ಜಾಗಕ್ಕೂ ನಡುವೆ ಇದ್ದೇವೆ.

ಸೂರ್ಯ ಮುಳುಗಿದ ಮೇಲೆ ನಿಜವಾದ ಗಲಿಬಿಲಿ ಶುರು. ಕೆಳಗಿನ ಪದರ ಬೇಗ ತೆಳುವಾಗುತ್ತದೆ, ಮೇಲಿನದು ದಟ್ಟವಾಗಿಯೇ ಉಳಿಯುತ್ತದೆ. ಎಣ್ಣೆಯ ಮೇಲೆ ನೀರು ನಿಲ್ಲಿಸಿದಂತಹ ಸ್ಥಿತಿ ಅದು, ಹೆಚ್ಚು ಹೊತ್ತು ನಿಲ್ಲಲಾರದು. ಕೆಳಗಿನ ತೆಳು ಭಾಗ ಗುಳ್ಳೆಗಳಾಗಿ ಮೇಲೇಳುತ್ತದೆ. ಕೆಲವು ಗುಳ್ಳೆಗಳು ನೂರಾರು ಕಿಲೋಮೀಟರ್ ಎತ್ತರಕ್ಕೆ ಏರಿ ಕಾಂತರೇಖೆಗಳ ಜೊತೆ ಉತ್ತರಕ್ಕೆ ಚಾಚಿಕೊಳ್ಳುತ್ತವೆ. ಉಪಗ್ರಹದಿಂದ ಬರುವ ರೇಡಿಯೊ ಅಲೆ ಇಂಥ ಗುಳ್ಳೆಗಳನ್ನು ಹಾದು ಬಂದರೆ ನಕ್ಷತ್ರ ಮಿನುಗಿದ ಹಾಗೆ ಮಿನುಗುತ್ತದೆ. ಒಂದು ಕ್ಷಣ ಬಲವಾಗುತ್ತದೆ, ಮರುಕ್ಷಣ ಸೊರಗುತ್ತದೆ. ಸಂಜೆಯಿಂದ ನಡುರಾತ್ರಿಯವರೆಗೆ ಇದರ ಹಾವಳಿ ಹೆಚ್ಚು. ಅದರಲ್ಲೂ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಸೂರ್ಯನ ಮೇಲೆ ಕಲೆಗಳು ತುಂಬಿರುವ ವರ್ಷಗಳಲ್ಲಿ ಇನ್ನೂ ಹೆಚ್ಚು.

ಕೇಳುವವನಿಗೆ ಇದು ಪೀಡೆ. ಅಳೆಯುವವನಿಗೆ ಇದೇ ಸುದ್ದಿ. ಸಂಕೇತ ಎಷ್ಟು ತಡವಾಯಿತು, ಎಷ್ಟು ಮಿನುಗಿತು, ಎಷ್ಟು ಬಾಗಿತು ಎಂದು ನೋಡಿದರೆ ಅದು ಹಾದುಬಂದ ದಾರಿಯ ಸ್ಥಿತಿ ತಿಳಿಯುತ್ತದೆ. ಊರಿಗೆ ಬರುವ ಬಸ್ಸು ತಡವಾದರೆ ಘಾಟಿಯಲ್ಲಿ ಮರ ಬಿದ್ದಿರಬೇಕೆಂದು ನಾವು ಅಂದಾಜು ಮಾಡುವುದಿಲ್ಲವೇ, ಹಾಗೆ.

ಇದರ ಒಳ್ಳೆಯ ಉದಾಹರಣೆ 1975-76ರದು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಆ ಒಂದು ವರ್ಷ ಭಾರತಕ್ಕೆ ಕಾಣುವಂತೆ ನಿಲ್ಲಿಸಿ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದರು. ಗುಲಬರ್ಗಾ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗರು ಕನ್ನಡ ಕಾರ್ಯಕ್ರಮಗಳನ್ನು ನೋಡಿದ್ದು ಆಗಲೇ. ಅದೇ ಉಪಗ್ರಹದಲ್ಲಿ ಅಯಾನುಗೋಳದ ಅಧ್ಯಯನಕ್ಕೆಂದೇ 40, 140, 360 ಮೆಗಾಹರ್ಟ್ಸ್‌ಗಳ ರೇಡಿಯೊ ದೀಪಗಳೂ ಇದ್ದವು. ನೀಲಗಿರಿಯ ಊಟಿಯಲ್ಲಿ ಅವುಗಳನ್ನು ಹಿಡಿದು, ತಲೆಯ ಮೇಲೆ ಒಟ್ಟು ಎಷ್ಟು ಎಲೆಕ್ಟ್ರಾನುಗಳಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಹಳ್ಳಿಯವರಿಗೆ ಪಾಠ ಹೇಳಿದ ಉಪಗ್ರಹವೇ ವಿಜ್ಞಾನಿಗಳಿಗೆ ದಕ್ಷಿಣದ ಆಕಾಶದ ಪಾಠವನ್ನೂ ಹೇಳಿತು. ಅದೇ 1975ರ ಏಪ್ರಿಲ್ 19ರಂದು ಹಾರಿದ, ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ್ದ ನಮ್ಮ 'ಆರ್ಯಭಟ'ದಲ್ಲೂ ಮೇಲಿನ ವಾಯುಮಂಡಲದ ಪ್ರಯೋಗ ಇತ್ತು. ವಿದ್ಯುತ್ ಪೂರೈಕೆಯ ತೊಂದರೆಯಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು.

ಆರ್ಯಭಟವನ್ನು ಕಟ್ಟಿದ ತಂಡದ ಮುಂದಾಳು ಪ್ರೊ. ಯು.ಆರ್. ರಾವ್. ಅವರು ನಮ್ಮ ಘಟ್ಟದ ಕೆಳಗಿನ ಉಡುಪಿ ಸೀಮೆಯ ಅದಮಾರಿನವರು. ರಾಕೆಟ್ಟು, ಉಪಗ್ರಹಗಳಿಗೆ ಕೈಹಾಕುವ ಮೊದಲು ಅವರು ಸೂರ್ಯನಿಂದ ಬೀಸುವ ಕಣಗಳ ಗಾಳಿಯನ್ನು ಅಭ್ಯಾಸ ಮಾಡಿದವರು. ಮ್ಯಾರಿನರ್-2 ನೌಕೆಯ ಮಾಹಿತಿಯನ್ನು ಬಿಡಿಸಿ, ಸೌರಮಾರುತ ಎಡೆಬಿಡದೆ ಬೀಸುತ್ತದೆ ಮತ್ತು ಅದು ಭೂಮಿಯ ಕಾಂತಕ್ಷೇತ್ರವನ್ನು ಕದಡುತ್ತದೆ ಎಂದು ತೋರಿಸಿದವರಲ್ಲಿ ಅವರೂ ಒಬ್ಬರು. ಅಯಾನುಗೋಳದ ಗಲಿಬಿಲಿಗೆ ಎರಡು ಮೂಲ. ಒಂದು, ಈಗಾಗಲೇ ಹೇಳಿದ ದಿನನಿತ್ಯದ ಕಾರಂಜಿ, ಗುಳ್ಳೆಗಳು. ಇನ್ನೊಂದು ಸೂರ್ಯನ ಸಿಡಿತ. ಸೂರ್ಯನಲ್ಲಿ ಜ್ವಾಲೆ ಸಿಡಿದರೆ ಅದರ ಕ್ಷ-ಕಿರಣ ಎಂಟೂಕಾಲು ನಿಮಿಷದಲ್ಲಿ ಇಲ್ಲಿಗೆ ಬಂದು ಡಿ ಪದರವನ್ನು ದಪ್ಪಗೊಳಿಸುತ್ತದೆ. ಭೂಮಿಯ ಹಗಲಿನ ಭಾಗದಲ್ಲಿ ಶಾರ್ಟ್‌ವೇವ್ ರೇಡಿಯೊ ಇದ್ದಕ್ಕಿದ್ದಂತೆ ಮೌನವಾಗುತ್ತದೆ. ಅದರ ಹಿಂದೆಯೇ ಕಣಗಳ ಮೋಡ ಹೊರಟಿದ್ದರೆ ಒಂದರಿಂದ ಮೂರು ದಿನದೊಳಗೆ ಬಂದು ಭೂಕಾಂತ ಬಿರುಗಾಳಿ ಎಬ್ಬಿಸುತ್ತದೆ.

ಸೂರ್ಯನ ಈ ಸಿಡಿತಗಳನ್ನೂ ರೇಡಿಯೊದಿಂದಲೇ ಹಿಡಿಯಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಹತ್ತಿರ ಬಯಲಿನಲ್ಲಿ ಇಂಗ್ಲಿಷಿನ 'ಟಿ' ಆಕಾರದಲ್ಲಿ ಸಾವಿರ ಆಂಟೆನಾಗಳನ್ನು ನೆಟ್ಟು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸುವ ಕೆಲಸ 1976ರಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಜೊತೆಗೂಡಿ ಮಾಡಿದ ಕೆಲಸ ಅದು. 1997ರಲ್ಲಿ ಅಲ್ಲಿಯೇ ಸೂರ್ಯನ ರೇಡಿಯೊ ಚಿತ್ರ ತೆಗೆಯುವ ಯಂತ್ರಸಮೂಹ ಸಿದ್ಧವಾಯಿತು. ಅಷ್ಟು ಕಡಿಮೆ ಕಂಪನಾಂಕದಲ್ಲಿ ಆಲಿಸುವವರಿಗೆ ನಡುವೆ ಇರುವ ಅಯಾನುಗೋಳವೂ ಅಡ್ಡ ಬರುತ್ತದೆ. ದೂರದ ಮೂಲ ಇದ್ದ ಜಾಗ ಬಿಟ್ಟು ಆಚೀಚೆ ಸರಿದಂತೆ ತೋರುತ್ತದೆ. ಆ ಸರಿದಾಟವನ್ನು ತಿದ್ದಬೇಕಾದರೆ ಅಯಾನುಗೋಳವನ್ನು ಅರಿಯಲೇಬೇಕು.

ಇನ್ನು ಮೂರನೆಯ ಮಾತಿಗೆ ಬರುತ್ತೇನೆ. ಇದೆಲ್ಲ ನಮಗೇಕೆ?

2019ರ ಆಗಸ್ಟ್ ಮಳೆಯನ್ನು ನೆನಪಿಸಿಕೊಳ್ಳಿ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ಗದ್ದೆ, ತೋಟ ಕೊಚ್ಚಿಹೋದವು. ಗುಡ್ಡ ಜಾರಿದ ಕಡೆ ಬಾಂದು ಕಲ್ಲೂ ಉಳಿಯುವುದಿಲ್ಲ, ಬೇಲಿಯೂ ಉಳಿಯುವುದಿಲ್ಲ, ಗುರುತಿಗೆಂದು ಇದ್ದ ಹಲಸಿನ ಮರವೂ ಉಳಿಯುವುದಿಲ್ಲ. ತನ್ನ ಜಮೀನು ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ಅಂಥವನಿಗೆ ಉಳಿಯುವುದು ದಾಖಲೆಯಲ್ಲಿರುವ ಅಂಕಿಗಳು ಮಾತ್ರ. ಹಿಂದೆ ಅವು ಸರಪಳಿ ಹಿಡಿದು ಅಳೆದ ಅಂಕಿಗಳು. ಈಚಿನ ವರ್ಷಗಳಲ್ಲಿ ಮೋಜಣಿದಾರರು ರೋವರ್ ಎಂಬ ಕೋಲಿನಂಥ ಉಪಕರಣ ಹಿಡಿದು ಬರುತ್ತಿದ್ದಾರೆ. ಅದು ಉಪಗ್ರಹಗಳ ರೇಡಿಯೊ ಸಂಕೇತ ಕೇಳಿ ತಾನಿರುವ ಜಾಗವನ್ನು ಹೇಳುತ್ತದೆ. ಪೋಡಿ, ಹದ್ದುಬಸ್ತು, ಒತ್ತುವರಿಯ ತಕರಾರು ಎಲ್ಲವೂ ಇನ್ನು ಈ ಕೋಲಿನ ಮಾತಿನ ಮೇಲೆ ನಿಲ್ಲುತ್ತವೆ.

ಆ ಕೋಲು ಕೇಳುವ ಸಂಕೇತ 20,000 ಕಿಲೋಮೀಟರಿಗಿಂತ ಮೇಲಿನಿಂದ ಅಯಾನುಗೋಳವನ್ನು ಹಾದೇ ಬರಬೇಕು. ಬರುವಾಗ ತಡವಾಗುತ್ತದೆ. ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಪಾಲು ತಡವಾದರೂ ಮೂರು ಮೀಟರ್ ತಪ್ಪು ಬರುತ್ತದೆ. ಸೂರ್ಯ ಉಗ್ರವಾಗಿರುವ ವರ್ಷಗಳ ಮಧ್ಯಾಹ್ನ ನಮ್ಮ ಅಕ್ಷಾಂಶದಲ್ಲಿ ಈ ತಪ್ಪು ಹತ್ತು ಮೀಟರನ್ನೂ ಮೀರಬಹುದು. ಹತ್ತು ಮೀಟರೆಂದರೆ ತೋಟದಲ್ಲಿ ಎಷ್ಟು ಸಾಲು ಕಾಫಿ ಗಿಡ ಎಂಬುದನ್ನು ನೀವೇ ಲೆಕ್ಕ ಹಾಕಿ.

ಇದಕ್ಕೆ ಪರಿಹಾರ ಇದೆ, ಅದೂ ರೇಡಿಯೊದಲ್ಲೇ ಇದೆ. ಉಪಗ್ರಹಗಳು ಒಂದಲ್ಲ, ಎರಡು ಮೂರು ಕಂಪನಾಂಕಗಳಲ್ಲಿ ಸಂಕೇತ ಕಳಿಸುತ್ತವೆ. ಜಿಪಿಎಸ್‌ನಲ್ಲಿ ಒಂದು 1575.42 ಮೆಗಾಹರ್ಟ್ಸ್, ಇನ್ನೊಂದು 1227.60. ಕಡಿಮೆ ಕಂಪನಾಂಕದ್ದು ಒಂದೂವರೆ ಪಟ್ಟಿಗಿಂತ ಹೆಚ್ಚು ತಡವಾಗುತ್ತದೆ. ಎರಡರ ನಡುವಿನ ಅಂತರ ನೋಡಿದರೆ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿದ್ದವು ಎಂದು ತಿಳಿಯುತ್ತದೆ, ತಪ್ಪನ್ನು ಕಳೆಯಬಹುದು. ಇನ್ನೊಂದು ದಾರಿಯೆಂದರೆ, ಸ್ಥಾನ ಖಚಿತವಾಗಿ ಗೊತ್ತಿರುವ ಕಡೆ ಒಂದು ನೆಲೆಯಂತ್ರ ಇಟ್ಟು, ಅದಕ್ಕೆ ಬಂದ ತಪ್ಪನ್ನೇ ರೋವರ್‌ನಿಂದ ಕಳೆಯುವುದು. ಆದರೆ ಇಲ್ಲಿ ಒಂದು ಷರತ್ತಿದೆ. ಎರಡರ ತಲೆಯ ಮೇಲೂ ಒಂದೇ ಬಗೆಯ ಆಕಾಶ ಇರಬೇಕು. ಯುರೋಪಿನಲ್ಲಿ ಬಹುದೂರದವರೆಗೆ ಆಕಾಶ ಹೆಚ್ಚುಕಡಿಮೆ ಒಂದೇ ಸಮ. ನಮ್ಮಲ್ಲಿ ಅದು ಬೇಗ ಬೇಗ ಬದಲಾಗುತ್ತದೆ. ಆದ್ದರಿಂದ ನೆಲೆಯಂತ್ರ ಹತ್ತಿರ ಇದ್ದಷ್ಟೂ ಒಳ್ಳೆಯದು.

ಹೊರನಾಡಿನ ಲೆಕ್ಕ ನಮಗೆ ಹೊಂದುವುದಿಲ್ಲ ಎಂಬುದನ್ನು ವಿಮಾನಯಾನದವರು ಮೊದಲೇ ಕಂಡುಕೊಂಡರು. ಉಪಗ್ರಹದ ನೆರವಿನಿಂದ ವಿಮಾನ ಇಳಿಸುವ 'ಗಗನ್' ವ್ಯವಸ್ಥೆಯನ್ನು ಇಸ್ರೊ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರ ಕಟ್ಟಿದಾಗ, ಅಮೆರಿಕದ ಆಕಾಶಕ್ಕೆ ಹೊಂದಿಸಿದ್ದ ಲೆಕ್ಕಾಚಾರ ಇಲ್ಲಿ ಸಾಲಲಿಲ್ಲ. ದೇಶದ ಹಲವೆಡೆ ಎಲೆಕ್ಟ್ರಾನು ಎಣಿಸುವ ಕೇಂದ್ರಗಳನ್ನಿಟ್ಟು, ಆ ಮಾಹಿತಿಯಿಂದ ಭಾರತದ ಆಕಾಶಕ್ಕೆಂದೇ ಬೇರೆ ಮಾದರಿ ರೂಪಿಸಬೇಕಾಯಿತು. ಆ ಮೇಲೆ 2013ರ ಕೊನೆಯಲ್ಲಿ ಮೊದಲ ಹಂತದ ಮಂಜೂರಾತಿ, 2015ರ ಏಪ್ರಿಲ್‌ನಲ್ಲಿ ವಿಮಾನ ಇಳಿಯುವಾಗ ಬಳಸುವ ಮಂಜೂರಾತಿ ಸಿಕ್ಕಿತು. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ.

ಬಿರುಗಾಳಿ ಬಂದರೆ ಏನಾಗುತ್ತದೆ ಎಂಬುದಕ್ಕೆ 2024ರ ಮೇ 10 ಮತ್ತು 11 ಸಾಕ್ಷಿ. ಎರಡು ದಶಕಗಳಲ್ಲೇ ಅತಿ ದೊಡ್ಡ ಭೂಕಾಂತ ಬಿರುಗಾಳಿ ಆಗ ಎದ್ದಿತು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೀರಿ. ಆ ಹೊತ್ತಿಗೆ ಅಮೆರಿಕದಲ್ಲಿ ಜೋಳದ ಬಿತ್ತನೆ ಸಾಗಿತ್ತು. ಉಪಗ್ರಹದ ಮಾತು ಕೇಳಿ ಸಾಲು ಹಿಡಿಯುವ ಟ್ರ್ಯಾಕ್ಟರುಗಳಿಗೆ ದಾರಿ ತಪ್ಪಿತು, ಎಷ್ಟೋ ರೈತರು ಬಿತ್ತನೆ ನಿಲ್ಲಿಸಿ ಕಾದರು. ಚಿತ್ರಕ್ಕೆ ಚಂದವಾದ ಆಕಾಶ ಹೊಲಕ್ಕೆ ಕಷ್ಟ ತಂದಿತು. ಇಂಥ ಬಿರುಗಾಳಿಗಳ ಮೂಲವನ್ನು ಗಮನಿಸಲು 2023ರ ಸೆಪ್ಟೆಂಬರ್ 2ರಂದು ಹಾರಿದ ನಮ್ಮ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ನೆಲೆಯನ್ನು 2024ರ ಜನವರಿ 6ರಂದು ತಲುಪಿತು. ಅದರಲ್ಲಿರುವ ಸೂರ್ಯನ ಹೊರವಲಯ ನೋಡುವ ದೂರದರ್ಶಕವನ್ನು ಮಾಡಿದ್ದು ಬೆಂಗಳೂರಿನ ಅದೇ ಖಭೌತ ವಿಜ್ಞಾನ ಸಂಸ್ಥೆ.

ಕೊನೆಯದಾಗಿ ಒಂದು ಸಂತೋಷದ ಸಂಗತಿ. ಆಕಾಶವನ್ನು ಅಳೆಯಲು ದೊಡ್ಡ ಕೇಂದ್ರಗಳೇ ಬೇಕೆಂದಿದ್ದ ಕಾಲ ಬದಲಾಗುತ್ತಿದೆ. 2024ರ ನವೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲೇಖನ ಪ್ರಕಟಿಸಿದರು. ಎರಡು ಕಂಪನಾಂಕಗಳನ್ನು ಕೇಳಬಲ್ಲ ಕೋಟ್ಯಂತರ ಆಂಡ್ರಾಯ್ಡ್ ಫೋನುಗಳಿಗೆ ಬಂದ ಸಂಕೇತಗಳನ್ನು ಕೂಡಿಸಿ ಅಯಾನುಗೋಳದ ನಕ್ಷೆ ಬರೆದಿದ್ದರು. ಒಂದೊಂದು ಫೋನಿನ ಅಳತೆ ಒರಟು, ಎಲ್ಲ ಸೇರಿದಾಗ ಚಿತ್ರ ಸ್ಪಷ್ಟ. ಆ ಚಿತ್ರದಲ್ಲಿ ಎದ್ದು ಕಂಡ ಸಂಗತಿಗಳಲ್ಲಿ ಒಂದು, ನಾನು ಆಗ ಹೇಳಿದ ಗುಳ್ಳೆಗಳು, ಅದೂ ಭಾರತದ ಮೇಲಿನವು.

ವಿದ್ಯಾರ್ಥಿ ಮಿತ್ರರಿಗೆ ಇಷ್ಟು ಹೇಳುತ್ತೇನೆ. ಭೌತಶಾಸ್ತ್ರದ ಪುಸ್ತಕದಲ್ಲಿ ಅಯಾನುಗೋಳಕ್ಕೆ ಅರ್ಧ ಪುಟ ಇರುತ್ತದೆ. ಆದರೆ ಅದರ ಅತ್ಯಂತ ಕಠಿಣವಾದ ಪ್ರಶ್ನೆ, ಇವತ್ತು ಸಂಜೆ ಗುಳ್ಳೆ ಏಳುತ್ತದೆಯೋ ಇಲ್ಲವೋ ಎಂದು ಮುಂಚಿತವಾಗಿ ಹೇಳುವುದು, ಇನ್ನೂ ಪೂರ್ತಿ ಬಿಡಿಸದೆ ಉಳಿದಿದೆ. ಆ ಪ್ರಶ್ನೆ ಇರುವುದು ನಮ್ಮ ತಲೆಯ ಮೇಲೆ. ಅದನ್ನು ಇಲ್ಲಿಂದ ಅಳೆದವರೇ ಬಿಡಿಸಬೇಕು.

ಜಮೀನುದಾರ ಹಿರಿಯರಿಗೆ ಒಂದು ಸಣ್ಣ ವಿನಂತಿ. ನಿಮ್ಮ ತೋಟಕ್ಕೆ ರೋವರ್ ಬಂದಾಗ ಮೂರು ಪ್ರಶ್ನೆ ಕೇಳಿ. ನೆಲೆಯಂತ್ರ ಎಲ್ಲಿದೆ? ಅಂಕಿ ಬರೆದುಕೊಳ್ಳುವಾಗ ಯಂತ್ರ 'ಫಿಕ್ಸ್' ಎಂದು ತೋರಿಸುತ್ತಿದೆಯೋ, 'ಫ್ಲೋಟ್' ಎಂದೋ? ಅದೇ ಜಾಗವನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅಳೆದು ನೋಡಿದ್ದೀರಾ? 'ಫ್ಲೋಟ್' ಎಂದಿದ್ದರೆ ಯಂತ್ರಕ್ಕೇ ಇನ್ನೂ ಖಾತ್ರಿಯಾಗಿಲ್ಲ ಎಂದರ್ಥ. ಮರದ ನೆರಳು, ಬೆಟ್ಟದ ಮರೆ ಕಾರಣವಿರಬಹುದು, ಆಕಾಶದ ಗಲಿಬಿಲಿಯೂ ಇರಬಹುದು. ಹೀಗೆ ಕೇಳಿದರೆ ಮೋಜಣಿದಾರರು ಬೇಸರಪಡಬೇಕಾಗಿಲ್ಲ, ಒಳ್ಳೆಯ ಮೋಜಣಿದಾರರು ತಾವಾಗಿಯೇ ಹೇಳುತ್ತಾರೆ. ಬಾಂದು ಕಲ್ಲನ್ನು ನೆಡುವಾಗ ನೆಲ ಗಟ್ಟಿಯಿದೆಯೇ ಎಂದು ನೋಡುತ್ತಿದ್ದ ನಾವು ಇನ್ನು ಮುಂದೆ ಆಕಾಶ ಗಟ್ಟಿಯಿದೆಯೇ ಎಂದೂ ನೋಡಬೇಕಾಗಿದೆ.